ಗುರುತ್ವಾಕರ್ಷಣೆಗೆ ಕಾರಣ ಹಾಗೂ ಬಾಹ್ಯಾಕಾಶ ನೌಕೆಗಳಲ್ಲಿ ಕೃತಕ ಗುರುತ್ವ

ಪೀಠಿಕೆ

2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಭಾರತೀಯ ವಾಯುಪಡೆಯ ಅಧಿಕಾರಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 18 ದಿನಗಳ ಕಾಲ ತಂಗಿದ್ದರು. ನೀರು ಗುಂಡಗಿನ ಹನಿಯಾಗಿ ಗಾಳಿಯಲ್ಲಿ ನಿಲ್ಲುವ, ಮನುಷ್ಯರು ಮೀನಿನಂತೆ ತೇಲಿಕೊಂಡು ಒಂದು ಕೋಣೆಯಿಂದ ಮತ್ತೊಂದಕ್ಕೆ ಸಾಗುವ ದೃಶ್ಯಗಳನ್ನು ಆ ದಿನಗಳಲ್ಲಿ ನಾಡಿನ ಜನತೆ ವೀಕ್ಷಿಸಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯು ಸಿದ್ಧಪಡಿಸಿದ್ದ ಹೆಸರುಕಾಳು ಮತ್ತು ಮೆಂತ್ಯದ ಬೀಜಗಳು ಅಲ್ಲಿ ಮೊಳಕೆಯೊಡೆದವು. ಸ್ನಾಯುಗಳ ಪುನರುತ್ಪತ್ತಿಯನ್ನು ಕುರಿತ ಬೆಂಗಳೂರಿನ ಕಾಂಡಕೋಶ ವಿಜ್ಞಾನ ಸಂಸ್ಥೆಯ ಪ್ರಯೋಗವೊಂದನ್ನೂ ಅದೇ ಯಾನದಲ್ಲಿ ನಡೆಸಲಾಯಿತು.

ಇಂತಹ ದೃಶ್ಯಗಳನ್ನು ಕಂಡವರಲ್ಲಿ, ವಿಶೇಷವಾಗಿ ವಿದ್ಯಾರ್ಥಿಗಳಲ್ಲಿ, ಎರಡು ಪ್ರಶ್ನೆಗಳು ಸಹಜವಾಗಿ ಮೂಡುತ್ತವೆ. ಮೊದಲನೆಯದು, ಭೂಮಿಯ ಮೇಲೆ ಸದಾಕಾಲ ನಮ್ಮನ್ನು ನೆಲಕ್ಕೆ ಹಿಡಿದಿಡುವ ಗುರುತ್ವಕ್ಕೆ ಕಾರಣವೇನು ಎಂಬುದು. ಎರಡನೆಯದು, ಚಲನಚಿತ್ರಗಳಲ್ಲಿ ತೋರಿಸುವಂತೆ ನೌಕೆಯೊಳಗೆ ಗುರುತ್ವವನ್ನು ಕೃತಕವಾಗಿ ಉಂಟುಮಾಡಲು ಸಾಧ್ಯವೇ, ಸಾಧ್ಯವಾದಲ್ಲಿ ಅದನ್ನು ಇದುವರೆಗೆ ಏಕೆ ಮಾಡಿಲ್ಲ ಎಂಬುದು. ಎರಡನೆಯ ಪ್ರಶ್ನೆಯ ಉತ್ತರವು ಮೊದಲನೆಯದರಲ್ಲಿಯೇ ಅಡಗಿರುವುದರಿಂದ ಎರಡನ್ನೂ ಒಟ್ಟಾಗಿ ಇಲ್ಲಿ ವಿವರಿಸಲಾಗಿದೆ.

ತೇಲುವುದೆಂದರೆ ಗುರುತ್ವವಿಲ್ಲವೆಂದು ಅರ್ಥವಲ್ಲ

ಬಾಹ್ಯಾಕಾಶದಲ್ಲಿ ಗುರುತ್ವಾಕರ್ಷಣೆಯೇ ಇರುವುದಿಲ್ಲ ಎಂಬ ಭಾವನೆಯು ವ್ಯಾಪಕವಾಗಿದ್ದು, ಅದು ಸರಿಯಲ್ಲ. ಬಾಹ್ಯಾಕಾಶ ನಿಲ್ದಾಣವು ಭೂಮಿಯಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ ಪರಿಭ್ರಮಿಸುತ್ತದೆ. ಭೂಮಿಯ ತ್ರಿಜ್ಯವೇ 6,371 ಕಿ.ಮೀ. ಇರುವಾಗ 400 ಕಿ.ಮೀ. ದೊಡ್ಡ ದೂರವೇನಲ್ಲ. ಆ ಎತ್ತರದಲ್ಲಿ ಭೂಮಿಯ ಸೆಳೆತವು ನೆಲಮಟ್ಟದ ಸೆಳೆತದ ಸುಮಾರು ಶೇಕಡ 89ರಷ್ಟು ಇರುತ್ತದೆ. ಅಷ್ಟೆತ್ತರದ ಗೋಪುರವೊಂದನ್ನು ಕಟ್ಟಲು ಸಾಧ್ಯವಾಗಿದ್ದು, ಅದರ ತುದಿಯಲ್ಲಿ ತಕ್ಕಡಿಯನ್ನಿಟ್ಟು ನಿಂತರೆ, ಇಲ್ಲಿ 60 ಕಿಲೋ ತೂಗುವ ವ್ಯಕ್ತಿಯು ಅಲ್ಲಿ ಸುಮಾರು 53 ಕಿಲೋ ತೂಗುತ್ತಾನೆ.

ಹಾಗಿದ್ದಲ್ಲಿ ಗಗನಯಾನಿಗಳು ತೇಲುವುದೇಕೆ? ಅವರು ಬೀಳುತ್ತಿರುವುದರಿಂದ. ನಿಲ್ದಾಣವು ಸೆಕೆಂಡಿಗೆ ಸುಮಾರು 7.7 ಕಿ.ಮೀ. ವೇಗದಲ್ಲಿ ಮುಂದಕ್ಕೆ ಸಾಗುತ್ತಿರುತ್ತದೆ. ಪ್ರತಿ ಸೆಕೆಂಡಿನಲ್ಲಿ ಅದು ನಾಲ್ಕು ಮೀಟರಿಗಿಂತ ತುಸು ಹೆಚ್ಚು ಕೆಳಕ್ಕೆ ಬೀಳುತ್ತದೆ. ಆದರೆ ಭೂಮಿಯು ದುಂಡಗಿರುವ ಕಾರಣ, ಅಷ್ಟು ದೂರ ಸಾಗುವಷ್ಟರಲ್ಲಿ ಕೆಳಗಿನ ನೆಲವೂ ಅಷ್ಟೇ ಬಾಗಿ ಕೆಳಗೆ ಸರಿದಿರುತ್ತದೆ. ಹೀಗೆ ನಿಲ್ದಾಣವು ಬೀಳುತ್ತಲೇ ಇದ್ದರೂ ಎಂದಿಗೂ ನೆಲವನ್ನು ಮುಟ್ಟದೆ, ಸುಮಾರು 90 ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ನೌಕೆ, ಅದರೊಳಗಿನ ಮನುಷ್ಯ, ಅವನ ಕೈಯಲ್ಲಿನ ಚಮಚ ಎಲ್ಲವೂ ಒಂದೇ ರೀತಿಯಲ್ಲಿ ಬೀಳುತ್ತಿರುವುದರಿಂದ ಯಾವುದೂ ಮತ್ತೊಂದನ್ನು ಒತ್ತುವುದಿಲ್ಲ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ, ನಾವು ತೂಕವೆಂದು ಅನುಭವಿಸುವುದು ಭೂಮಿಯ ಸೆಳೆತವನ್ನಲ್ಲ. ಕಾಲಡಿಯ ನೆಲವು ನಮ್ಮನ್ನು ಮೇಲಕ್ಕೆ ಒತ್ತುವುದನ್ನು ನಾವು ತೂಕವೆಂದು ಅನುಭವಿಸುತ್ತೇವೆ. ಲಿಫ್ಟ್ ಮೇಲೇರತೊಡಗಿದ ಕ್ಷಣದಲ್ಲಿ ಮೈ ಭಾರವಾದಂತೆಯೂ, ಇಳಿಯತೊಡಗಿದಾಗ ಹಗುರವಾದಂತೆಯೂ ಭಾಸವಾಗುವುದು ಎಲ್ಲರ ಅನುಭವ. ಆ ಒಂದೆರಡು ಸೆಕೆಂಡುಗಳಲ್ಲಿ ಭೂಮಿಯ ಸೆಳೆತವು ಕಿಂಚಿತ್ತೂ ಬದಲಾಗಿರುವುದಿಲ್ಲ. ನೆಲದ ಒತ್ತು ಮಾತ್ರ ಬದಲಾಗಿರುತ್ತದೆ. ಈ ಅಂಶವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿವರಣೆಯು ಸುಲಭವಾಗುತ್ತದೆ.

ಗುರುತ್ವಾಕರ್ಷಣೆಗೆ ಕಾರಣವೇನು?

ಭೂಮಿಯು ವಸ್ತುಗಳನ್ನು ತನ್ನತ್ತ ಸೆಳೆಯುತ್ತದೆ ಎಂಬ ತಿಳಿವು ಹಳೆಯದು. 1150ರಲ್ಲಿ ರಚಿತವಾದ ಸಿದ್ಧಾಂತ ಶಿರೋಮಣಿ ಗ್ರಂಥದಲ್ಲಿ ಭಾಸ್ಕರಾಚಾರ್ಯರು ಭೂಮಿಗೆ ಆಕರ್ಷಣ ಶಕ್ತಿಯಿದೆಯೆಂದು ಸ್ಪಷ್ಟವಾಗಿ ಹೇಳಿದ್ದಾರೆ. ಆದರೆ ಸೆಳೆತವಿದೆ ಎಂದು ಗುರುತಿಸುವುದು ಒಂದು ಹಂತ. ಆ ಸೆಳೆತ ಎಷ್ಟು, ದೂರಕ್ಕೆ ಅನುಗುಣವಾಗಿ ಅದು ಹೇಗೆ ಕುಗ್ಗುತ್ತದೆ, ಚಂದ್ರನನ್ನು ಹಿಡಿದಿಟ್ಟಿರುವುದೂ ಅದೇ ಸೆಳೆತವೇ ಎಂಬುದನ್ನು ಲೆಕ್ಕ ಹಾಕಿ ತೋರಿಸುವುದು ಬೇರೆಯೇ ಹಂತ. ಈ ಎರಡನೆಯ ಕಾರ್ಯವನ್ನು 1687ರಲ್ಲಿ ಪ್ರಕಟವಾದ ಪ್ರಿನ್ಸಿಪಿಯಾ ಗ್ರಂಥದಲ್ಲಿ ಐಸಾಕ್ ನ್ಯೂಟನ್ ನೆರವೇರಿಸಿದರು. ಎರಡೂ ಒಂದೇ ಎಂದು ಹೇಳುವುದರಿಂದ ಇಬ್ಬರಿಗೂ ನ್ಯಾಯ ಸಲ್ಲಿಸಿದಂತಾಗುವುದಿಲ್ಲ.

ನ್ಯೂಟನ್ನರ ನಿಯಮದಂತೆ, ಯಾವುದೇ ಎರಡು ವಸ್ತುಗಳು ಪರಸ್ಪರ ಆಕರ್ಷಿಸುತ್ತವೆ. ದ್ರವ್ಯರಾಶಿ ಹೆಚ್ಚಿದಷ್ಟೂ ಸೆಳೆತ ಹೆಚ್ಚುತ್ತದೆ. ದೂರವು ಎರಡು ಪಟ್ಟಾದರೆ ಸೆಳೆತವು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಉಪಗ್ರಹಗಳ ಉಡಾವಣೆಯ ಬಹುಪಾಲು ಲೆಕ್ಕಾಚಾರವು ಇಂದಿಗೂ ಈ ನಿಯಮವನ್ನೇ ಅವಲಂಬಿಸಿದೆ. ಆದರೆ ಕೋಟ್ಯಂತರ ಕಿಲೋಮೀಟರ್ ದೂರದ ಸೂರ್ಯನು, ನಡುವೆ ಏನೂ ಇಲ್ಲದಿದ್ದರೂ, ಭೂಮಿಯನ್ನು ಹೇಗೆ ಹಿಡಿದೆಳೆಯುತ್ತಾನೆ ಎಂಬುದನ್ನು ಈ ನಿಯಮವು ತಿಳಿಸುವುದಿಲ್ಲ. ಈ ಕೊರತೆಯನ್ನು ಸ್ವತಃ ನ್ಯೂಟನ್ನರೇ ಅರಿತಿದ್ದರು. 1713ರಲ್ಲಿ ಹೊರಬಂದ ಎರಡನೆಯ ಆವೃತ್ತಿಯಲ್ಲಿ, ಗುರುತ್ವದ ಕಾರಣವನ್ನು ತಾವು ಕಂಡುಹಿಡಿದಿಲ್ಲವೆಂದೂ, ಅದರ ಬಗ್ಗೆ ಊಹೆ ಕಟ್ಟುವುದಿಲ್ಲವೆಂದೂ ಅವರು ತಿಳಿಸಿದರು.

ಕಾರಣದತ್ತ ಮೊದಲ ಸುಳಿವು ಸಿಕ್ಕಿದ್ದು 1907ರಲ್ಲಿ. ಆಗ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ನೌಕರಿಯಲ್ಲಿದ್ದ ಆಲ್ಬರ್ಟ್ ಐನ್‌ಸ್ಟೈನ್ ಅವರಿಗೆ, ಮೇಲಿನಿಂದ ಬೀಳುತ್ತಿರುವ ಮನುಷ್ಯನಿಗೆ ತನ್ನ ತೂಕದ ಅರಿವೇ ಇರುವುದಿಲ್ಲ ಎಂಬ ವಿಚಾರ ಹೊಳೆಯಿತು. ಇದರ ಮತ್ತೊಂದು ಮುಖವೂ ಇದೆ. ಎಲ್ಲ ಗ್ರಹ ನಕ್ಷತ್ರಗಳಿಂದ ದೂರದಲ್ಲಿ, ಕಿಟಕಿಗಳಿಲ್ಲದ ಕೋಣೆಯೊಂದನ್ನು ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರಿನಂತೆ ವೇಗ ಹೆಚ್ಚಿಸುತ್ತಾ ಮೇಲಕ್ಕೆ ಎಳೆದರೆ, ಒಳಗಿರುವವನಿಗೆ ತಾನು ಭೂಮಿಯ ಮೇಲೆಯೇ ನಿಂತಿದ್ದೇನೆಂದು ತೋರುತ್ತದೆ. ಕೈಬಿಟ್ಟ ನಾಣ್ಯವು ಕಾಲ ಬಳಿ ಬೀಳುತ್ತದೆ, ತಕ್ಕಡಿಯು ಎಂದಿನ ತೂಕವನ್ನೇ ತೋರಿಸುತ್ತದೆ. ಕೋಣೆಯೊಳಗೆ ಮಾಡಬಹುದಾದ ಯಾವ ಪ್ರಯೋಗದಿಂದಲೂ ಇವೆರಡನ್ನು ಬೇರ್ಪಡಿಸಲಾಗದು. ಇದನ್ನು ಸಮಾನತಾ ತತ್ವವೆಂದು ಕರೆಯಲಾಗುತ್ತದೆ. ಕೃತಕ ಗುರುತ್ವಕ್ಕೆ ಆಧಾರವಾಗಿರುವುದೂ ಇದೇ ತತ್ವ.

ಈ ತತ್ವದಿಂದ ಹೊರಟು, 1915ರ ನವೆಂಬರ್ ತಿಂಗಳಿನಲ್ಲಿ ಐನ್‌ಸ್ಟೈನ್ ಅವರು ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಪೂರ್ಣಗೊಳಿಸಿದರು. ಇದರ ಪ್ರಕಾರ ಗುರುತ್ವವು ದೂರದಿಂದ ಎಳೆಯುವ ಬಲವಲ್ಲ. ದ್ರವ್ಯರಾಶಿಯು ತನ್ನ ಸುತ್ತಲಿನ ದೇಶವನ್ನೂ ಕಾಲವನ್ನೂ ಬಾಗಿಸುತ್ತದೆ. ಯಾವುದರ ಒತ್ತಡಕ್ಕೂ ಒಳಗಾಗದ ವಸ್ತುವು ಆ ಬಾಗಿದ ದೇಶಕಾಲದಲ್ಲಿ ಸಾಧ್ಯವಿರುವಷ್ಟು ನೇರವಾಗಿ ಸಾಗುತ್ತದೆ. ಆ ನೇರ ದಾರಿಯೇ ನಮಗೆ ಬೀಳುವಿಕೆಯಾಗಿಯೋ ಪರಿಭ್ರಮಣೆಯಾಗಿಯೋ ಕಾಣುತ್ತದೆ.

ಎಳೆದು ಕಟ್ಟಿದ ಬಟ್ಟೆಯ ಮೇಲೆ ಗುಂಡನ್ನಿಟ್ಟು, ಬಟ್ಟೆಯು ತಗ್ಗಿದ ಕಡೆಗೆ ಗೋಲಿಗಳು ಉರುಳುವುದನ್ನು ತೋರಿಸುವ ಮೂಲಕ ಇದನ್ನು ಶಾಲೆಗಳಲ್ಲಿ ವಿವರಿಸುವ ರೂಢಿಯಿದೆ. ನೋಡಲು ಚೆನ್ನಾಗಿದ್ದರೂ ಈ ಹೋಲಿಕೆಯಲ್ಲಿ ಒಂದು ದೋಷವಿದೆ: ಗೋಲಿಗಳನ್ನು ತಗ್ಗಿಗೆ ಉರುಳಿಸುತ್ತಿರುವುದು ಭೂಮಿಯ ಗುರುತ್ವವೇ ಆಗಿದ್ದು, ವಿವರಿಸಬೇಕಾದುದನ್ನೇ ವಿವರಣೆಗೆ ಬಳಸಿಕೊಂಡಂತಾಗಿದೆ. ಇದಕ್ಕಿಂತ ಉತ್ತಮ ಹೋಲಿಕೆಯೊಂದಿದೆ. ಸಮಭಾಜಕ ವೃತ್ತದ ಮೇಲೆ ಸಾವಿರ ಕಿಲೋಮೀಟರ್ ಅಂತರದಲ್ಲಿರುವ ಇಬ್ಬರು ಏಕಕಾಲಕ್ಕೆ ನೇರ ಉತ್ತರಕ್ಕೆ ಹೊರಡುತ್ತಾರೆಂದು ಭಾವಿಸಬಹುದು. ಹೊರಡುವಾಗ ಇಬ್ಬರ ದಾರಿಗಳೂ ಸಮಾನಾಂತರವಾಗಿರುತ್ತವೆ. ಯಾರೂ ಎಡಕ್ಕಾಗಲಿ ಬಲಕ್ಕಾಗಲಿ ತಿರುಗುವುದಿಲ್ಲ. ಆದರೂ ಅವರ ನಡುವಿನ ಅಂತರ ಕಡಿಮೆಯಾಗುತ್ತಾ ಹೋಗಿ, ಉತ್ತರ ಧ್ರುವದಲ್ಲಿ ಇಬ್ಬರೂ ಸಂಧಿಸುತ್ತಾರೆ. ನೆಲವು ಚಪ್ಪಟೆಯೆಂದು ನಂಬಿದವನು, ಅವರಿಬ್ಬರ ನಡುವೆ ಯಾವುದೋ ಆಕರ್ಷಣೆಯಿರಬೇಕೆಂದು ಹೇಳಿಯಾನು. ವಾಸ್ತವವಾಗಿ ಅಲ್ಲಿ ಆಕರ್ಷಣೆಯಿಲ್ಲ. ನೆಲ ಬಾಗಿದೆ, ಅಷ್ಟೆ.

ಈ ವಿವರಣೆಯು ಕೇವಲ ಕಲ್ಪನೆಯಲ್ಲ. 1919ರ ಮೇ 29ರ ಸಂಪೂರ್ಣ ಸೂರ್ಯಗ್ರಹಣದ ಸಮಯದಲ್ಲಿ, ಸೂರ್ಯನ ಅಂಚಿನಲ್ಲಿ ಹಾದುಬರುವ ನಕ್ಷತ್ರಗಳ ಬೆಳಕು ಬಾಗುವುದನ್ನು ಬ್ರಿಟಿಷ್ ವಿಜ್ಞಾನಿಗಳ ತಂಡಗಳು ಅಳೆದವು. ಕಾಲವೂ ಬಾಗುತ್ತದೆ ಎಂಬುದಕ್ಕೆ ಸಾಕ್ಷಿಯು ಇಂದು ಮೊಬೈಲ್ ದೂರವಾಣಿ ಇರುವ ಪ್ರತಿಯೊಬ್ಬರ ಕಿಸೆಯಲ್ಲಿದೆ. ಸ್ಥಳ ಸೂಚಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ. ಎತ್ತರದಲ್ಲಿ ಗುರುತ್ವ ಕಡಿಮೆಯಿರುವುದರಿಂದ 45 ಮೈಕ್ರೋಸೆಕೆಂಡ್ ಮುಂದಾಗಿ, ಉಪಗ್ರಹದ ವೇಗದಿಂದ 7 ಹಿಂದಾಗಿ, ಉಳಿಯುವ ವ್ಯತ್ಯಾಸವಿದು. ಇದನ್ನು ಸರಿಪಡಿಸದಿದ್ದಲ್ಲಿ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿನಷ್ಟು ದೋಷ ಸಂಗ್ರಹವಾಗುತ್ತದೆ.

ದೇಶಕಾಲವು ಅಲುಗಾಡಬಲ್ಲದು ಎಂಬುದನ್ನು 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳು ದಾಖಲಿಸಿದವು. ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಗುರುತ್ವ ತರಂಗಗಳ ಕೊನೆಯ ಭಾಗವು, ಹೊಡೆದ ಗಂಟೆಯ ನಾದದಂತೆ ಕ್ಷೀಣಿಸುತ್ತಾ ಹೋಗಬೇಕೆಂಬುದನ್ನು 1970ರಷ್ಟು ಹಿಂದೆಯೇ ಲೆಕ್ಕ ಹಾಕಿ ತೋರಿಸಿದವರು ಕನ್ನಡಿಗ ವಿಜ್ಞಾನಿ ಸಿ. ವಿ. ವಿಶ್ವೇಶ್ವರ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾಗಿದ್ದ ಅವರು 2017ರ ಜನವರಿಯಲ್ಲಿ ನಿಧನರಾದರು. ತಮ್ಮ ಲೆಕ್ಕಕ್ಕೆ ದೊರೆತ ಈ ಪುರಾವೆಯನ್ನು ಅವರು ಜೀವಿತಕಾಲದಲ್ಲಿಯೇ ಕಂಡರೆಂಬುದು ಸಮಾಧಾನದ ಸಂಗತಿ.

ದ್ರವ್ಯರಾಶಿಯು ದೇಶಕಾಲವನ್ನು ಬಾಗಿಸುವುದಾದರೂ ಏಕೆ ಎಂದು ಇನ್ನೂ ಮುಂದೆ ಹೋಗಿ ಕೇಳಿದರೆ, ಅದಕ್ಕೆ ಒಪ್ಪಿತವಾದ ಉತ್ತರ ವಿಜ್ಞಾನದಲ್ಲಿ ಇನ್ನೂ ಇಲ್ಲ. ಪ್ರಸ್ತುತ ವಿಷಯಕ್ಕೆ ಬೇಕಾಗಿರುವುದು ಇಷ್ಟು: ಗುರುತ್ವವನ್ನು ಉಂಟುಮಾಡಲು ಭೂಮಿಯಷ್ಟು ದ್ರವ್ಯರಾಶಿ ಬೇಕು, ಅದನ್ನು ನೌಕೆಯಲ್ಲಿ ಕೊಂಡೊಯ್ಯಲಾಗದು. ಆದರೆ ತೂಕವನ್ನು ಉಂಟುಮಾಡಲು ಕಾಲನ್ನು ಒತ್ತುವ ನೆಲವೊಂದಿದ್ದರೆ ಸಾಕು.

ದೇಹಕ್ಕೆ ಆಗುವ ಹಾನಿ

ತೇಲುವುದು ನೋಡಲು ಮೋಜೆನಿಸಿದರೂ ದೇಹಕ್ಕೆ ಅದು ಹಿತವಲ್ಲ. ಭಾರ ಹೊರುವ ಕೆಲಸವಿಲ್ಲದ ಮೂಳೆಗಳು ತಮ್ಮಲ್ಲಿನ ಸುಣ್ಣದ ಅಂಶವನ್ನು ಕಳೆದುಕೊಳ್ಳತೊಡಗುತ್ತವೆ. ಸೊಂಟದ ಭಾಗದ ಮೂಳೆಯ ಸಾಂದ್ರತೆಯು ತಿಂಗಳಿಗೆ ಶೇಕಡ 1ರಿಂದ 1.5ರಷ್ಟು ಇಳಿಯುವುದು ದಾಖಲಾಗಿದೆ. ಭೂಮಿಯ ಮೇಲೆ ವಯೋವೃದ್ಧರಲ್ಲಿ ಒಂದು ವರ್ಷದಲ್ಲಿ ಆಗುವ ನಷ್ಟವು ಅಲ್ಲಿ ಒಂದು ತಿಂಗಳಿನಲ್ಲಿ ಆಗುತ್ತದೆ. ಮೂಳೆಯಿಂದ ಹೊರಬಿದ್ದ ಕ್ಯಾಲ್ಸಿಯಂ ಮೂತ್ರದ ಮೂಲಕ ಸಾಗುವುದರಿಂದ ಮೂತ್ರಪಿಂಡದಲ್ಲಿ ಕಲ್ಲುಗಳಾಗುವ ಅಪಾಯವೂ ಇದೆ. ಕಾಲು ಮತ್ತು ಬೆನ್ನಿನ ಸ್ನಾಯುಗಳು ಸೊರಗುತ್ತವೆ. ರಕ್ತ ಮತ್ತಿತರ ದ್ರವಗಳು ಮೇಲ್ಭಾಗಕ್ಕೆ ಸರಿದು ಮುಖ ಊದಿಕೊಳ್ಳುತ್ತದೆ, ಕಾಲುಗಳು ಸಣ್ಣಗಾಗುತ್ತವೆ. ದೀರ್ಘಾವಧಿ ತಂಗಿದ ಕೆಲವರಲ್ಲಿ ಕಣ್ಣಿನ ನರವು ಊದಿಕೊಂಡು ದೃಷ್ಟಿ ಬದಲಾಗಿರುವುದನ್ನು 2011ರಿಂದೀಚೆಗೆ ವೈದ್ಯರು ಕಳವಳದಿಂದ ಗಮನಿಸುತ್ತಿದ್ದಾರೆ.

ಇದನ್ನು ತಡೆಯಲು ಬಾಹ್ಯಾಕಾಶ ನಿಲ್ದಾಣದಲ್ಲಿರುವವರು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುತ್ತಾರೆ. ಪಟ್ಟಿಗಳಿಂದ ದೇಹವನ್ನು ಕೆಳಕ್ಕೆ ಬಿಗಿದುಕೊಂಡು ಓಡುತ್ತಾರೆ. ನಿರ್ವಾತ ಕೊಳವೆಗಳ ಪ್ರತಿರೋಧದ ವಿರುದ್ಧ ಭಾರ ಎತ್ತುತ್ತಾರೆ. ಇದರಿಂದ ನಷ್ಟ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ನಿಲ್ಲುವುದಿಲ್ಲ. ಕಣ್ಣಿನ ತೊಂದರೆಗಂತೂ ವ್ಯಾಯಾಮವು ಮದ್ದಲ್ಲ.

ಭೂಮಿಗೆ ಮರಳುವವರ ವಿಷಯದಲ್ಲಿ ಇದನ್ನು ನಿಭಾಯಿಸಬಹುದಾಗಿದೆ. ಆರು ತಿಂಗಳ ನಂತರ ಇಳಿದವರನ್ನು ಕೋಶದಿಂದ ಎತ್ತಿ ಕುರ್ಚಿಯಲ್ಲಿ ಕೂರಿಸಲು ಸಿಬ್ಬಂದಿ ಕಾದಿರುತ್ತಾರೆ, ವೈದ್ಯರಿರುತ್ತಾರೆ, ಚೇತರಿಕೆಗೆ ಕಾಲಾವಕಾಶವಿರುತ್ತದೆ. ಮಂಗಳ ಗ್ರಹಕ್ಕೆ ಹೋಗುವವರ ಸ್ಥಿತಿ ಬೇರೆ. ಹೋಗಲು ಆರರಿಂದ ಒಂಬತ್ತು ತಿಂಗಳು ಬೇಕು. ಇಳಿದಾಗ ಎತ್ತಿಕೊಳ್ಳಲು ಅಲ್ಲಿ ಯಾರೂ ಇರುವುದಿಲ್ಲ. ಮೂಳೆ ಸವೆದು, ಎದ್ದು ನಿಂತರೆ ತಲೆ ಸುತ್ತುವ ಸ್ಥಿತಿಯಲ್ಲಿರುವವರೇ ಭಾರವಾದ ಉಡುಪು ಧರಿಸಿ ಹೊರಗಿಳಿದು ತಮ್ಮ ಆಸರೆಯನ್ನು ತಾವೇ ಸಿದ್ಧಪಡಿಸಿಕೊಳ್ಳಬೇಕು. ಕೃತಕ ಗುರುತ್ವದ ಅಗತ್ಯವು ಇಲ್ಲಿ ಎದುರಾಗುತ್ತದೆ.

ಕೃತಕ ಗುರುತ್ವದ ತತ್ವ

ಮೊದಲನೆಯ ಮಾರ್ಗವು ನೇರವಾದದ್ದು: ನೌಕೆಯ ಎಂಜಿನನ್ನು ನಿರಂತರವಾಗಿ ಉರಿಸಿ, ಮೇಲೆ ಹೇಳಿದ ಕೋಣೆಯಂತೆ ವೇಗವನ್ನು ಹೆಚ್ಚಿಸುತ್ತಲೇ ಇರುವುದು. ಆದರೆ ಈಗಿನ ರಾಕೆಟ್ಟುಗಳು ಅಷ್ಟು ಬಲವಾಗಿ ಉರಿಯಬಲ್ಲದ್ದು ಕೆಲವೇ ನಿಮಿಷ. ತಿಂಗಳುಗಟ್ಟಲೆ ಉರಿಸುವಷ್ಟು ಇಂಧನವನ್ನು ಹೊರುವ ನೌಕೆ ಇಲ್ಲ. ಕಾಂತೀಯ ಪಾದರಕ್ಷೆಗಳು ಕಾಲನ್ನು ಮಾತ್ರ ನೆಲಕ್ಕೆ ಹಿಡಿಯುತ್ತವೆ, ಮೂಳೆಗಾಗಲಿ ರಕ್ತಕ್ಕಾಗಲಿ ತೂಕ ಕೊಡುವುದಿಲ್ಲ. ಗುಂಡಿ ಒತ್ತಿದೊಡನೆ ಗುರುತ್ವ ಬರುವ ಯಂತ್ರವು ಚಲನಚಿತ್ರಗಳಲ್ಲಿ ಮಾತ್ರ ಇದೆ.

ಉಳಿದ ಮಾರ್ಗವೆಂದರೆ ಸುತ್ತುವುದು. ಜಾತ್ರೆಗಳಲ್ಲಿ ಮರದ ಹಲಗೆಗಳಿಂದ ಕಟ್ಟಿದ ಬಾವಿಯ ಒಳಗೋಡೆಯ ಮೇಲೆ ಮೋಟಾರು ಸೈಕಲ್ ಓಡಿಸುವ ಆಟವನ್ನು ಹಲವರು ನೋಡಿರುತ್ತಾರೆ. ಸವಾರನು ನೆಲಕ್ಕೆ ಬಹುತೇಕ ಅಡ್ಡವಾಗಿ ಸುತ್ತುತ್ತಿದ್ದರೂ ಬೀಳುವುದಿಲ್ಲ. ಅವನ ದೇಹವು ನೇರವಾಗಿ ಸಾಗಲು ಹವಣಿಸುತ್ತದೆ. ಬಾಗಿದ ಗೋಡೆಯು ಕ್ಷಣಕ್ಷಣಕ್ಕೂ ಅವನನ್ನು ಒಳಕ್ಕೆ ತಳ್ಳಿ ದಾರಿ ತಿರುಗಿಸುತ್ತದೆ. ಅವನ ಪಾಲಿಗೆ ಗೋಡೆಯೇ ನೆಲ, ಆ ತಳ್ಳುವಿಕೆಯೇ ತೂಕ. ನೀರು ತುಂಬಿದ ಚೊಂಬಿಗೆ ಹಗ್ಗ ಕಟ್ಟಿ ತಲೆಯ ಮೇಲಿಂದ ರಭಸವಾಗಿ ಸುತ್ತಿದರೆ ನೀರು ಚೆಲ್ಲದಿರುವುದೂ ಇದೇ ಕಾರಣದಿಂದ.

ನೌಕೆಯನ್ನು ದೊಡ್ಡ ಚಕ್ರದಂತೆ ನಿರ್ಮಿಸಿ ಸುತ್ತಿಸಿದರೆ, ಅಂಚಿನಲ್ಲಿರುವವರಿಗೆ ಹೊರಗೋಡೆಯು ನೆಲವಾಗುತ್ತದೆ, ಚಕ್ರದ ಗುಂಬವು ಮೇಲಾಗುತ್ತದೆ. ಬಾಹ್ಯಾಕಾಶದಲ್ಲಿ ಗಾಳಿಯ ತಡೆಯಿಲ್ಲದಿರುವುದರಿಂದ ಒಮ್ಮೆ ಸುತ್ತತೊಡಗಿದ ಚಕ್ರವು ಹೆಚ್ಚಿನ ಇಂಧನವಿಲ್ಲದೆ ಸುತ್ತುತ್ತಲೇ ಇರುತ್ತದೆ. ಇದನ್ನು ಹುಸಿ ಗುರುತ್ವವೆಂದು ಕಡೆಗಣಿಸುವಂತಿಲ್ಲ. ಭೂಮಿಯ ಮೇಲೆಯೂ ದೇಹಕ್ಕೆ ತಿಳಿಯುವುದು ನೆಲದ ಒತ್ತು ಮಾತ್ರ. ಚಕ್ರದಲ್ಲಿಯೂ ಅದೇ ಒತ್ತು ಸಿಗುತ್ತದೆ. ಮೂಳೆಗೆ ಇವೆರಡರ ಭೇದ ತಿಳಿಯದು.

ಒಳಕಿವಿಗೆ ಮಾತ್ರ ತಿಳಿಯುತ್ತದೆ. ತೊಡಕು ಇರುವುದೇ ಇಲ್ಲಿ.

ಚಕ್ರವು ಎಷ್ಟು ದೊಡ್ಡದಿರಬೇಕು?

ಸಣ್ಣ ಚಕ್ರವನ್ನು ವೇಗವಾಗಿಯೂ ದೊಡ್ಡ ಚಕ್ರವನ್ನು ನಿಧಾನವಾಗಿಯೂ ಸುತ್ತಿಸಿ ಒಂದೇ ತೂಕವನ್ನು ಪಡೆಯಬಹುದು. ಭೂಮಿಯಷ್ಟೇ ತೂಕ ಬೇಕಾದಲ್ಲಿ, ನಿಮಿಷಕ್ಕೆ 10 ಸುತ್ತು ಸುತ್ತುವ ಚಕ್ರಕ್ಕೆ 9 ಮೀಟರ್ ತ್ರಿಜ್ಯ ಸಾಕು. 6 ಸುತ್ತಿಗೆ 25 ಮೀಟರ್, 4 ಸುತ್ತಿಗೆ 56 ಮೀಟರ್, 2 ಸುತ್ತಿಗೆ 224 ಮೀಟರ್ ಬೇಕಾಗುತ್ತದೆ. ನಿಮಿಷಕ್ಕೆ ಒಂದೇ ಸುತ್ತು ಸಾಕೆಂದರೆ ತ್ರಿಜ್ಯವು 894 ಮೀಟರಿಗೆ ಏರುತ್ತದೆ.

ಹಾಗಿದ್ದಲ್ಲಿ ಸಣ್ಣ ಚಕ್ರವನ್ನೇ ಏಕೆ ಕಟ್ಟಬಾರದು? 9 ಮೀಟರ್ ತ್ರಿಜ್ಯದ ಚಕ್ರದಲ್ಲಿ ನಿಂತವನ ಪಾದಕ್ಕಿಂತ ತಲೆಯು ಕೇಂದ್ರಕ್ಕೆ ಹತ್ತಿರವಿರುವುದರಿಂದ, ತಲೆಯ ಮಟ್ಟದಲ್ಲಿ ಗುರುತ್ವವು ಸುಮಾರು ಶೇಕಡ 19ರಷ್ಟು ಕಡಿಮೆಯಿರುತ್ತದೆ. ಅದನ್ನಾದರೂ ಸಹಿಸಬಹುದು. ನಡೆದಾಡುವುದು ಹೆಚ್ಚು ಕಷ್ಟ. 25 ಮೀಟರಿನ ಚಕ್ರದಲ್ಲಿ ಸುತ್ತುವ ದಿಕ್ಕಿಗೇ ಸಾಧಾರಣ ನಡಿಗೆಯಲ್ಲಿ ಸೆಕೆಂಡಿಗೆ ಒಂದು ಮೀಟರಿನಂತೆ ನಡೆದರೆ ತೂಕವು ಸುಮಾರು ಶೇಕಡ 13ರಷ್ಟು ಹೆಚ್ಚುತ್ತದೆ. ತಿರುಗಿ ವಿರುದ್ಧ ದಿಕ್ಕಿಗೆ ನಡೆದರೆ ಹೆಚ್ಚು ಕಡಿಮೆ ಅಷ್ಟೇ ಇಳಿಯುತ್ತದೆ. ಕೈಬಿಟ್ಟ ಲೋಟವು ಕಾಲ ಬಳಿ ಬೀಳದೆ ಸುತ್ತುವ ದಿಕ್ಕಿನ ಹಿಂದಕ್ಕೆ ಬೀಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಳಕಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿನ ದ್ರವವು ಸುತ್ತುವಿಕೆಯನ್ನು ಗ್ರಹಿಸುವುದರಿಂದ, ಥಟ್ಟನೆ ತಲೆ ಹೊರಳಿಸಿದಾಗ ಇಡೀ ಕೋಣೆಯೇ ಮಗುಚಿದಂತೆ ಭಾಸವಾಗಿ ಓಕರಿಕೆ ಬರುತ್ತದೆ. ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಪುಸ್ತಕ ಓದಿದವರಿಗೆ ಇದರ ಸಣ್ಣ ಅನುಭವ ಇರುತ್ತದೆ.

ಮನುಷ್ಯರು ಎಷ್ಟು ಸುತ್ತುಗಳನ್ನು ತಾಳಿಕೊಳ್ಳಬಲ್ಲರು ಎಂಬುದನ್ನು ಅಮೆರಿಕದ ಪೆನ್ಸಕೋಲಾ ನೌಕಾ ಕೇಂದ್ರದಲ್ಲಿ ಆಷ್ಟನ್ ಗ್ರೇಬೀಲ್ ಅವರು 1950ರ ದಶಕದ ಕೊನೆಯಿಂದ, ನಿಧಾನವಾಗಿ ಸುತ್ತುವ ಕೋಣೆಯೊಂದರಲ್ಲಿ ಸ್ವಯಂಸೇವಕರನ್ನು ದಿನಗಟ್ಟಲೆ ಇರಿಸಿ ಪರೀಕ್ಷಿಸಿದರು. ನಿಮಿಷಕ್ಕೆ ಒಂದು ಸುತ್ತಿನಲ್ಲಿ ಹೆಚ್ಚಿನವರಿಗೆ ತೊಂದರೆಯಾಗಲಿಲ್ಲ. ಮೂರು ಸುತ್ತಿನಲ್ಲಿ ಕೆಲವರು ಅಸ್ವಸ್ಥರಾದರೂ ಕ್ರಮೇಣ ಒಗ್ಗಿಕೊಂಡರು. ಹತ್ತು ಸುತ್ತುಗಳನ್ನು ನೇರವಾಗಿ ತಾಳುವುದು ಬಹುತೇಕರಿಗೆ ಕಠಿಣವಾಯಿತು. ವೇಗವನ್ನು ಹಂತಹಂತವಾಗಿ ಏರಿಸಿದರೆ ಹೆಚ್ಚು ಸುತ್ತುಗಳಿಗೂ ದೇಹ ಹೊಂದಿಕೊಳ್ಳಬಹುದೆಂದು ನಂತರದ ಪ್ರಯೋಗಗಳು ತೋರಿಸಿವೆ. ಹೀಗಿದ್ದರೂ ವಿನ್ಯಾಸಕಾರರು ಸಾಮಾನ್ಯವಾಗಿ ನಿಮಿಷಕ್ಕೆ ಎರಡರಿಂದ ನಾಲ್ಕು ಸುತ್ತುಗಳನ್ನು ಸುರಕ್ಷಿತವೆಂದು ಪರಿಗಣಿಸುತ್ತಾರೆ. ಅಂದರೆ ನೂರಾರು ಮೀಟರ್ ಅಗಲದ ನೌಕೆ ಬೇಕು.

ಯೋಜನೆಗಳು ಮತ್ತು ಪ್ರಯೋಗಗಳು

ಸುತ್ತುವ ನೌಕೆಯ ವಿಚಾರವನ್ನು ರಷ್ಯಾದ ಶಾಲಾ ಶಿಕ್ಷಕ ಕಾನ್‌ಸ್ಟಾಂಟಿನ್ ಸಿಯೋಲ್ಕೋವ್‌ಸ್ಕಿ ಅವರು ವಿಮಾನಗಳು ಬಳಕೆಗೆ ಬರುವ ಮುನ್ನವೇ ಬರೆದಿಟ್ಟಿದ್ದರು. 1928ರಲ್ಲಿ ಹೆರ್ಮನ್ ಪೊಟೊಚ್ನಿಕ್ ಎಂಬ ನಿವೃತ್ತ ಸೇನಾಧಿಕಾರಿಯು 30 ಮೀಟರ್ ವ್ಯಾಸದ ವಾಸಚಕ್ರದ ನಕ್ಷೆಗಳನ್ನು ಪ್ರಕಟಿಸಿದರು. 1952ರಲ್ಲಿ ವೆರ್ನ್‌ಹರ್ ಫಾನ್ ಬ್ರೌನ್ ಅವರು ಸುಮಾರು 76 ಮೀಟರ್ ವ್ಯಾಸದ ಚಕ್ರವನ್ನು ಅಮೆರಿಕದ ವಾರಪತ್ರಿಕೆಯೊಂದರಲ್ಲಿ ವರ್ಣಚಿತ್ರಗಳೊಂದಿಗೆ ಜನರ ಮುಂದಿಟ್ಟರು. 1975ರಲ್ಲಿ ನಾಸಾ ಆಶ್ರಯದ ಅಧ್ಯಯನವೊಂದು 10,000 ಜನ ವಾಸಿಸಬಹುದಾದ, ನಿಮಿಷಕ್ಕೊಮ್ಮೆ ಸುತ್ತುವ, 1.8 ಕಿ.ಮೀ. ಅಗಲದ ಚಕ್ರನಗರವನ್ನು ರೂಪಿಸಿತು. ಇವೆಲ್ಲವೂ ಕಾಗದದ ಮೇಲೆಯೇ ಉಳಿದವು.

ವಾಸ್ತವದಲ್ಲಿ ನಡೆದ ಮೊದಲ ಪ್ರಯೋಗವು ಬಹಳ ಸಣ್ಣದು. 1966ರ ಸೆಪ್ಟೆಂಬರ್ ತಿಂಗಳಿನಲ್ಲಿ ಜೆಮಿನಿ 11 ನೌಕೆಯ ಯಾನಿ ರಿಚರ್ಡ್ ಗೋರ್ಡನ್ ಅವರು ಹೊರಬಂದು, ಜೋಡಣೆಗೊಂಡಿದ್ದ ಅಜೆನಾ ರಾಕೆಟ್ಟಿಗೂ ತಮ್ಮ ನೌಕೆಗೂ 30 ಮೀಟರ್ ಉದ್ದದ ಪಟ್ಟಿಯನ್ನು ಕಟ್ಟಬೇಕಾಗಿತ್ತು. ನೆಲದ ಮೇಲೆ ಸುಲಭವೆನಿಸಿದ್ದ ಈ ಕೆಲಸವು ಕಾಲೂರಲು ನೆಲೆಯಿಲ್ಲದ ಕಡೆ ಎಷ್ಟು ಶ್ರಮದಾಯಕವಾಯಿತೆಂದರೆ, ಬೆವರು ಕಣ್ಣಿಗಿಳಿದು ದೃಷ್ಟಿ ಮಂಜಾಗಿ, ಅವರನ್ನು ಒಳಕ್ಕೆ ಕರೆಸಿಕೊಳ್ಳಬೇಕಾಯಿತು. ಬಳಿಕ ನೌಕಾಧಿಪತಿ ಚಾರ್ಲ್ಸ್ ಕಾನ್ರಾಡ್ ಅವರು ಎರಡೂ ನೌಕೆಗಳನ್ನು ಬೇರ್ಪಡಿಸಿ, ಪಟ್ಟಿಯು ಬಿಗಿಯಾಗಿರುವಂತೆ ನಿಧಾನವಾಗಿ ಒಂದನ್ನೊಂದು ಸುತ್ತುವಂತೆ ಮಾಡಿದರು. ಉಂಟಾದ ಗುರುತ್ವವು ಭೂಮಿಯ ಗುರುತ್ವದ ಹತ್ತು ಸಾವಿರದಲ್ಲಿ ಒಂದೆರಡು ಭಾಗ ಮಾತ್ರ. ಇಬ್ಬರಿಗೂ ಮೈಗೆ ಏನೂ ತಿಳಿಯಲಿಲ್ಲ. ಆದರೆ ಕೈಬಿಟ್ಟ ಕ್ಯಾಮೆರಾವೊಂದು ತೇಲುತ್ತಾ ನಿಲ್ಲದೆ, ಮೆಲ್ಲಗೆ ಕೋಣೆಯ ಹಿಂಭಾಗಕ್ಕೆ ಸರಿಯಿತು. ಮನುಷ್ಯರಿದ್ದ ಇಡೀ ನೌಕೆಯನ್ನು ಸುತ್ತಿಸಿ ಕೃತಕ ಗುರುತ್ವವನ್ನು ಪರೀಕ್ಷಿಸಿದ ಮುಖ್ಯ ದಾಖಲೆ ಇಂದಿಗೂ ಇದೇ ಆಗಿದೆ.

1977ರಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮಾಸ್ 936 ಉಪಗ್ರಹದಲ್ಲಿ ಕೆಲವು ಇಲಿಗಳನ್ನು ಸುತ್ತುವ ಯಂತ್ರದಲ್ಲಿಯೂ ಕೆಲವನ್ನು ತೇಲುವ ಸ್ಥಿತಿಯಲ್ಲಿಯೂ ಇರಿಸಿ ಹೋಲಿಸಲಾಯಿತು. 2016ರಲ್ಲಿ ಜಪಾನಿನ ವಿಜ್ಞಾನಿಗಳು ಬಾಹ್ಯಾಕಾಶ ನಿಲ್ದಾಣದ ಕಿಬೋ ವಿಭಾಗದಲ್ಲಿ ಇದೇ ಬಗೆಯ ಪ್ರಯೋಗವನ್ನು ಹೆಚ್ಚು ಕಟ್ಟುನಿಟ್ಟಾಗಿ ನಡೆಸಿದರು. ಕೇವಲ 15 ಸೆಂಟಿಮೀಟರ್ ತ್ರಿಜ್ಯದ ಯಂತ್ರವು ನಿಮಿಷಕ್ಕೆ 77 ಸುತ್ತು ಸುತ್ತಿ ಚಿಟ್ಟಿಲಿಗಳಿಗೆ ಭೂಮಿಯಷ್ಟೇ ತೂಕವನ್ನು ಒದಗಿಸಿತು. 35 ದಿನಗಳ ನಂತರ ಜೀವಂತವಾಗಿ ಮರಳಿದ ಇಲಿಗಳನ್ನು ಪರೀಕ್ಷಿಸಿದಾಗ, ತೇಲುತ್ತಿದ್ದವುಗಳ ಮೂಳೆ ಮತ್ತು ಸ್ನಾಯುಗಳು ಗಣನೀಯವಾಗಿ ಸವೆದಿದ್ದವು. ಸುತ್ತುತ್ತಿದ್ದವುಗಳಲ್ಲಿ ಈ ಸವೆತ ಕಂಡುಬರಲಿಲ್ಲ. ಕೃತಕ ಗುರುತ್ವವು ದೇಹವನ್ನು ಕಾಪಾಡಬಲ್ಲದು ಎಂಬುದಕ್ಕೆ ಇದು ಬಲವಾದ ಆಧಾರ. ಬಾಹ್ಯಾಕಾಶ ನಿಲ್ದಾಣಕ್ಕೆಂದೇ ಜಪಾನ್ ನಿರ್ಮಿಸುತ್ತಿದ್ದ, ಇದಕ್ಕಿಂತ ಬಹಳ ದೊಡ್ಡ ಸುತ್ತುಯಂತ್ರದ ವಿಭಾಗವನ್ನು 2005ರಲ್ಲಿ ರದ್ದುಗೊಳಿಸಲಾಗಿತ್ತು. ಅಪೂರ್ಣ ಸ್ಥಿತಿಯಲ್ಲಿಯೇ ಅದು ಸುಕುಬಾದ ಬಾಹ್ಯಾಕಾಶ ಕೇಂದ್ರದ ಆವರಣದಲ್ಲಿ ಪ್ರದರ್ಶನಕ್ಕೆ ಇಡಲ್ಪಟ್ಟದ್ದು ವಿಷಾದನೀಯ.

ಇಡೀ ನೌಕೆಯ ಬದಲು, ಯಾನಿಯನ್ನು ಮಾತ್ರ ದಿನಕ್ಕೆ ಸ್ವಲ್ಪ ಹೊತ್ತು ಸುತ್ತಿಸಿದರೆ ಸಾಲದೇ ಎಂಬ ಪ್ರಶ್ನೆಯೂ ಇದೆ. 2019ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ 24 ಸ್ವಯಂಸೇವಕರು, ತಲೆಯು ಕಾಲಿಗಿಂತ ತಗ್ಗಿರುವಂತೆ ಓರೆಯಾಗಿಸಿದ ಹಾಸಿಗೆಯ ಮೇಲೆ 60 ದಿನ ಮಲಗಿದರು. ಬಾಹ್ಯಾಕಾಶದಲ್ಲಿ ದೇಹಕ್ಕಾಗುವ ಬದಲಾವಣೆಗಳನ್ನು ನೆಲದ ಮೇಲೆ ಅನುಕರಿಸುವ ವಿಧಾನವಿದು. ಅವರಲ್ಲಿ 16 ಮಂದಿಯನ್ನು ಪ್ರತಿದಿನ ಒಟ್ಟು ಅರ್ಧ ಗಂಟೆ ಯಂತ್ರದಲ್ಲಿ ಸುತ್ತಿಸಲಾಯಿತು. ಕೆಲವು ಅಂಶಗಳಲ್ಲಿ ಪ್ರಯೋಜನ ಕಂಡುಬಂದರೂ, ಅರ್ಧ ಗಂಟೆಯ ಸುತ್ತುವಿಕೆಯೊಂದೇ ದೇಹದ ಸವೆತವನ್ನು ತಡೆಯಲು ಸಾಲದೆಂಬುದು ಸ್ಪಷ್ಟವಾಯಿತು. ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯಲ್ಲಿಯೂ ಮನುಷ್ಯರನ್ನು ಸುತ್ತಿಸುವ ಯಂತ್ರವಿದೆ. ಆದರೆ ಅದರ ಮುಖ್ಯ ಉದ್ದೇಶ ಬೇರೆ. ಯುದ್ಧವಿಮಾನಗಳ ತಿರುವುಗಳಲ್ಲಿ ಎದುರಾಗುವ, ಸಹಜ ತೂಕದ ಹಲವು ಪಟ್ಟು ಭಾರವನ್ನು ತಾಳಲು ಅಲ್ಲಿ ಚಾಲಕರಿಗೆ ತರಬೇತಿ ನೀಡಲಾಗುತ್ತದೆ. ಗಗನಯಾನ ಯೋಜನೆಯ ಅಭ್ಯರ್ಥಿಗಳ ಪ್ರಾಥಮಿಕ ಆಯ್ಕೆಯು 2019ರಲ್ಲಿ ನಡೆದದ್ದು ಇದೇ ಸಂಸ್ಥೆಯಲ್ಲಿ.

ಇದುವರೆಗೆ ಏಕೆ ನಿರ್ಮಿಸಿಲ್ಲ?

ಮೊದಲನೆಯ ಕಾರಣವು ಸರಳವಾದದ್ದು. ಬಾಹ್ಯಾಕಾಶ ನಿಲ್ದಾಣವನ್ನು ಕಟ್ಟಿದ್ದೇ ತೂಕವಿಲ್ಲದ ಸ್ಥಿತಿಯಲ್ಲಿ ಪ್ರಯೋಗ ನಡೆಸಲೆಂದು; ಅದನ್ನು ಸುತ್ತಿಸಿದರೆ ಉದ್ದೇಶವೇ ಕೆಡುತ್ತದೆ. ಸುತ್ತುತ್ತಿರುವ ನೌಕೆಗೆ ಮತ್ತೊಂದು ನೌಕೆಯನ್ನು ಜೋಡಿಸುವುದು, ಸೌರಫಲಕಗಳನ್ನು ಸೂರ್ಯನತ್ತಲೂ ಆಂಟೆನಾಗಳನ್ನು ಭೂಮಿಯತ್ತಲೂ ತಿರುಗಿಸಿಡುವುದು ಕಷ್ಟ. ಒಳಗಿನವರು ಅತ್ತಿಂದಿತ್ತ ಓಡಾಡಿದರೂ ಚಕ್ರದ ಸಮತೋಲ ಏರುಪೇರಾಗುತ್ತದೆ. ಸುಮಾರು 420 ಟನ್ ತೂಕದ ಈಗಿನ ನಿಲ್ದಾಣವನ್ನು ತುಂಡುತುಂಡಾಗಿ ಕೊಂಡೊಯ್ದು ಜೋಡಿಸಲು 1998ರಿಂದ 2011ರವರೆಗೆ ಕಾಲ ಹಿಡಿಯಿತು. ನೂರಾರು ಮೀಟರಿನ ಚಕ್ರದ ವೆಚ್ಚವನ್ನು ಯಾವ ಸರ್ಕಾರವೂ ಹೊರಲು ಮುಂದಾಗಿಲ್ಲ.

ಅಗ್ಗದ ದಾರಿಯೊಂದಿದೆ. ಪೂರ್ಣ ಚಕ್ರದ ಬದಲು, ಯಾನಿಗಳ ವಾಸಕೋಣೆಯನ್ನೂ ಉರಿದು ಮುಗಿದ ರಾಕೆಟ್ ಹಂತವನ್ನೂ ಉದ್ದವಾದ ಹಗ್ಗದ ಎರಡು ತುದಿಗಳಿಗೆ ಕಟ್ಟಿ ಸುತ್ತಿಸುವುದು. ಮಂಗಳ ಯಾನಕ್ಕಾಗಿ ರಾಬರ್ಟ್ ಜುಬ್ರಿನ್ ಮತ್ತು ಡೇವಿಡ್ ಬೇಕರ್ ಅವರು 1990ರಲ್ಲಿ ಮುಂದಿಟ್ಟ ಯೋಜನೆಯಲ್ಲಿ ಇದು ಸೇರಿತ್ತು. ಜೆಮಿನಿ 11ರ ಪಟ್ಟಿಯ ಹಿಗ್ಗಿಸಿದ ರೂಪವೆಂದು ಇದನ್ನು ಪರಿಗಣಿಸಬಹುದು. ಹಗ್ಗ ತುಂಡಾದರೆ ಏನಾಗುತ್ತದೆ ಎಂಬ ಭಯವನ್ನು ಹೋಗಲಾಡಿಸುವಷ್ಟು ಪರೀಕ್ಷೆಗಳು ಮಾತ್ರ ಇನ್ನೂ ನಡೆದಿಲ್ಲ.

ವಿನ್ಯಾಸಕ್ಕೂ ಮುನ್ನ ಬಗೆಹರಿಯಬೇಕಾದ ಪ್ರಶ್ನೆಯು ಎಂಜಿನಿಯರುಗಳದ್ದಲ್ಲ, ವೈದ್ಯರದ್ದು: ಆರೋಗ್ಯ ಕಾಪಾಡಿಕೊಳ್ಳಲು ಎಷ್ಟು ಗುರುತ್ವ ಸಾಕು? ಭೂಮಿಯ ಗುರುತ್ವದ ಪೂರ್ಣ ಪ್ರಮಾಣ ಬೇಕಿದ್ದಲ್ಲಿ, ನಿಮಿಷಕ್ಕೆ 4 ಸುತ್ತಿನ ನೌಕೆಗೆ 56 ಮೀಟರ್ ತ್ರಿಜ್ಯ ಅನಿವಾರ್ಯ. ಮಂಗಳದ ಗುರುತ್ವದಷ್ಟು, ಅಂದರೆ ಶೇಕಡ 38ರಷ್ಟು ಸಾಕಾದಲ್ಲಿ 21 ಮೀಟರಿಗೆ ಕೆಲಸ ಮುಗಿಯುತ್ತದೆ. ಅಷ್ಟೇ ಅಲ್ಲದೆ, ಮಂಗಳವನ್ನು ತಲುಪಿದವರು ಅಲ್ಲಿ ವರ್ಷಗಟ್ಟಲೆ ಆರೋಗ್ಯವಾಗಿರಬಲ್ಲರು ಎಂದೂ ಆಗುತ್ತದೆ. ಚಂದ್ರನ ಶೇಕಡ 17ರಷ್ಟೇ ಸಾಕಾದರೆ ಇನ್ನೂ ಸುಲಭ. ತೇಲುವ ಸ್ಥಿತಿಯ ಬಗ್ಗೆ ದಾಖಲೆಗಳು ಹೇರಳವಾಗಿವೆ; ರಷ್ಯಾದ ವೈದ್ಯ ವಲೇರಿ ಪೊಲ್ಯಾಕೋವ್ ಅವರು 1994–95ರಲ್ಲಿ ಮೀರ್ ನಿಲ್ದಾಣದಲ್ಲಿ ಒಂದೇ ಬಾರಿಗೆ 437 ದಿನಗಳನ್ನು ಕಳೆದಿದ್ದಾರೆ. ಪೂರ್ಣ ಗುರುತ್ವದ ಬಗ್ಗೆ ಭೂಮಿಯ ಮೇಲಿನ ಎಲ್ಲರೂ ಸಾಕ್ಷಿ. ಇವೆರಡರ ನಡುವಿನ ಸ್ಥಿತಿಯಲ್ಲಿ ಬದುಕಿದ ಅನುಭವ ಇರುವುದು 1969ರಿಂದ 1972ರವರೆಗೆ ಚಂದ್ರನ ಮೇಲೆ ಇಳಿದ 12 ಮಂದಿಗೆ ಮಾತ್ರ. ಅವರಲ್ಲಿ ಅತಿ ಹೆಚ್ಚು ಕಾಲ ಉಳಿದ ಅಪೋಲೋ 17ರ ಯಾನಿಗಳು ಅಲ್ಲಿ ಕಳೆದದ್ದು 75 ಗಂಟೆ.